ತಿರುವಿನ ಅಳತೆ

ಜೂನ್ 4

ಮೇಸ್ತ್ರಿ ಅಣ್ಣನವರಿಗೆ ನಮಸ್ಕಾರ.

ಇಷ್ಟು ವರ್ಷಗಳ ಮೇಲೆ ನನ್ನ ಕೈಬರಹ ಕಂಡು ಗಾಬರಿಯಾಗಬೇಡಿ. ನಿಮ್ಮ ಗೆಳೆಯರು ಬದುಕಿದ್ದಾರೆ. ಫೆಬ್ರವರಿಯಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ನಿಂತಿದೆ. ಎಡಗೈಗೆ ಪೆನ್ನು ಕೊಟ್ಟು ನೋಡಿದೆ. ಅಕ್ಷರಗಳೇ ಮರೆತುಹೋದಂತಿದೆ, ಸಿಟ್ಟಿನಿಂದ ಎಸೆದುಬಿಟ್ಟರು. ಬುದ್ಧಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದರು. ಅದನ್ನು ಹೇಳಲು ಡಾಕ್ಟರೇ ಬೇಕಾಗಿರಲಿಲ್ಲ. ಚಹಾಕ್ಕೆ ಸಕ್ಕರೆ ಒಂದು ಚಿಟಿಕೆ ಕಡಿಮೆಯಾದರೆ ಈಗಲೂ ಕಣ್ಣಲ್ಲೇ ನನ್ನನ್ನು ಹುರಿದುಹಾಕುತ್ತಾರೆ.

ನಿಮಗೆ ಬರೆಯುತ್ತಿರುವುದು ಒಂದು ರೈಲಿನ ವಿಷಯಕ್ಕೆ. ನಗಬೇಡಿ. ರಿಟೈರ್ ಆದ ಮೇಲೆ ಇವರು ಹಿಂದಿನ ಕೋಣೆಯಲ್ಲಿ ಆಟದ ರೈಲು ಕಟ್ಟಲು ಕೂತರು. ಆಟದ್ದು ಎಂದರೆ ಸಿಟ್ಟು ಬರುತ್ತಿತ್ತು, ಮಾದರಿ ಎನ್ನಬೇಕಿತ್ತು. ಎಂಟು ವರ್ಷ ಕಟ್ಟಿದರು. ಎರಡು ಮಂಚ ಜೋಡಿಸಿದಷ್ಟು ದೊಡ್ಡ ಹಲಗೆ, ಅದರ ಸುತ್ತ ಹಳಿ, ಎಂಜಿನ್ನು, ಆರು ಗೂಡ್ಸ್ ಡಬ್ಬಿ. ಕೋಣೆಯ ಅರ್ಧ ಅವರ ರೈಲಿಗೆ, ಇನ್ನರ್ಧ ನನ್ನ ಹೊಲಿಗೆ ಯಂತ್ರಕ್ಕೆ. ನಡುವೆ ನಾವು ಹೆಚ್ಚು ಮಾತಾಡಿದ್ದಿಲ್ಲ.

ಈಗ ದಿನವಿಡೀ ಕುರ್ಚಿಯಲ್ಲಿ ಕೂತು ಆ ಹಲಗೆಯನ್ನೇ ನೋಡುತ್ತಾರೆ. ನಾನು ಗುಂಡಿ ತಿರುಗಿಸಿ ರೈಲು ಬಿಡುತ್ತೇನೆ. ಕಿಟಕಿ ಪಕ್ಕದ ತಿರುವಿಗೆ ಬಂದೊಡನೆ ಮೂರನೆಯ ಡಬ್ಬಿ ಪಲ್ಟಿ ಹೊಡೆಯುತ್ತದೆ. ಎತ್ತಿಡುತ್ತೇನೆ, ಮತ್ತೆ ಬೀಳುತ್ತದೆ. ಪ್ರತಿ ಸಲ ಇವರು ನನ್ನ ಮುಖ ನೋಡುತ್ತಾರೆ. ಸರಿಮಾಡು ಎಂದು ಕೇಳುತ್ತಿದ್ದಾರೆ ಎಂದುಕೊಂಡಿದ್ದೇನೆ. ನಿಮ್ಮ ಜನ್ಮವೆಲ್ಲ ಹಳಿ ಸರಿಮಾಡುವುದರಲ್ಲೇ ಕಳೆಯಿತಲ್ಲ, ದಾರಿ ಹೇಳಿಕೊಡಿ. ನಾನು ದರ್ಜಿ. ಕಂಕುಳಿನ ತಿರುವು ಕತ್ತರಿಸಲು ಬರುತ್ತದೆ, ಕಬ್ಬಿಣದ ತಿರುವು ಬರುವುದಿಲ್ಲ.

ಇವರು ಓಡಿಸುತ್ತಿದ್ದ ಆ ಗೂಡ್ಸ್ ಗಾಡಿ ಉರುಳಿ, ವಿಚಾರಣೆ ನಡೆದು, ಇವರನ್ನು ಎಂಜಿನ್ನಿನಿಂದ ಇಳಿಸಿ ಉಗ್ರಾಣದ ಬಾಗಿಲಲ್ಲಿ ಕೂರಿಸಿದ ಮೇಲೆ ನೀವು ನಮ್ಮ ಮನೆಗೆ ಬರಲಿಲ್ಲ. ಕೆಟ್ಟ ಹೆಸರು ಹೊತ್ತವನ ಮನೆಗೆ ಬರಲು ಮುಜುಗರವಾಗಿರಬೇಕು. ಅದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡಿಲ್ಲ.

ಇತಿ,
ನಿಮ್ಮ ತಂಗಿ

---

ಜೂನ್ 12

ತಂಗಿಗೆ ಆಶೀರ್ವಾದ.

ನಿನ್ನ ಕಾಗದ ತಲುಪಿತು. ನಮ್ಮ ಡ್ರೈವರ್ ಬಾಯಿ ಮುಚ್ಚಿ ಕೂತಿದ್ದನ್ನು ನಾನು ಕಂಡವನಲ್ಲ. ಸಿಗ್ನಲ್ ಕಂಬಕ್ಕೂ ಎರಡು ಮಾತು ಹೇಳಿಯೇ ಮುಂದೆ ಹೋಗುತ್ತಿದ್ದ ಮನುಷ್ಯ. ನಾನು ಮನೆಗೆ ಬಾರದಿದ್ದುದಕ್ಕೆ ಮುಜುಗರ ಕಾರಣವಲ್ಲ ತಾಯಿ. ಮಂಡಿ ನೋವು, ದೂರದ ಪ್ರಯಾಣ, ಹೀಗೇ ಏನೇನೋ.

ಇರಲಿ, ಕೆಲಸದ ಮಾತಿಗೆ ಬರುತ್ತೇನೆ. ಮೊದಲು ಡಬ್ಬಿಯನ್ನು ಬೈಯಬೇಡ. ನಮ್ಮಲ್ಲೂ ಗಾಡಿ ಬಿದ್ದೊಡನೆ ಎಲ್ಲರೂ ಗಾಡಿಯನ್ನೇ ಬೈಯುತ್ತಿದ್ದರು. ಗ್ಯಾಂಗಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನ ಒಂದೇ ಪಾಠ ಹೇಳುತ್ತಿದ್ದೆ: "ಹಳೀನ ನಿಂತ್ಕೊಂಡು ನೋಡ್ಬೇಡಿ, ಮಲಕ್ಕೊಂಡು ನೋಡಿ." ನೀನೂ ಹಲಗೆಯ ಮಟ್ಟಕ್ಕೆ ಗಲ್ಲ ಇಟ್ಟು, ಒಂದು ಕಣ್ಣು ಮುಚ್ಚಿ ತಿರುವಿನುದ್ದಕ್ಕೂ ನೋಡು. ತಿರುವಿನಲ್ಲಿ ಹೊರಗಿನ ಹಳಿ ಒಳಗಿನದಕ್ಕಿಂತ ಕೂದಲೆಳೆಯಷ್ಟು ಎತ್ತರ ಇರಬೇಕು. ಗಾಡಿ ಹೊರಗೆ ವಾಲದಂತೆ ಅದು ಹಿಡಿದುಕೊಳ್ಳುತ್ತದೆ. ಎಲ್ಲಾದರೂ ತಗ್ಗಾಗಿದೆಯೇ? ಹಳಿಯ ಕೆಳಗಿನ ಅಡ್ಡಪಟ್ಟಿಗಳು ಅಲುಗುತ್ತವೆಯೇ? ಬೆರಳಲ್ಲಿ ಒತ್ತಿ ನೋಡು, ಅಳತೆ ಬರೆದು ಕಳುಹಿಸು. ಡ್ರೈವರ್ ಪಕ್ಕದಲ್ಲೇ ಕೂತಿದ್ದಾನಲ್ಲ, ತಪ್ಪು ಮಾಡಿದರೆ ಕಣ್ಣಲ್ಲೇ ಹೇಳುತ್ತಾನೆ.

ನಿನ್ನ ಅಣ್ಣ,
ಮೇಸ್ತ್ರಿ

---

ಜೂನ್ 28

ಮೇಸ್ತ್ರಿ ಅಣ್ಣನವರಿಗೆ,

ನೀವು ಹೇಳಿದಂತೆ ಗಲ್ಲ ಊರಿ ನೋಡಿದೆ. ಬ್ಲೌಸ್ ಅಳತೆ ಕೊಡಲು ಬಂದಿದ್ದ ಬೀದಿಯ ಕೊನೆಮನೆ ಹೆಂಗಸು ನನ್ನ ಅವತಾರ ಕಂಡು "ಏನ್ರೀ, ನಿಮಗೂ ಏನಾದ್ರೂ ಆಯ್ತಾ?" ಎಂದು ಹೆದರಿಹೋದಳು.

ನಿಮ್ಮ ಅನುಮಾನ ಸರಿ. ತಿರುವಿನ ನಡುವೆ ಹೊರಗಿನ ಹಳಿ ಕೆಳಗೆ ಕೂತಿದೆ. ಎಷ್ಟೆಂದರೆ ಕೋಟಿನ ದಪ್ಪ ಗುಂಡಿಯೊಂದು ಆರಾಮಾಗಿ ಕೆಳಗೆ ಹಿಡಿಯುತ್ತದೆ. ಅಲ್ಲಿ ಮೂರು ಅಡ್ಡಪಟ್ಟಿಗಳ ತಳ ಅರ್ಧಕ್ಕರ್ಧ ಇಲ್ಲ. ಹುಳು ತಿಂದಿದೆ ಎಂದುಕೊಂಡೆ. ಕನ್ನಡಕ ಹಾಕಿ ನೋಡಿದರೆ ಚಾಕುವಿನ ಗುರುತು. ಇದೇಕೆ ಹೀಗೆ? ಉಳಿದ ಹಳಿಯೆಲ್ಲ ನಾನು ಹೊಲಿದ ಕಾಲರಿನಷ್ಟು ನೀಟಾಗಿದೆ, ಇಲ್ಲಿ ಮಾತ್ರ ಕೈ ಜಾರಿದೆ. ಕೊನೆಕೊನೆಗೆ ಕಣ್ಣು ಮಂಜಾಗಿತ್ತೇನೋ.

ಇನ್ನೊಂದು ಮಾತು. ತಿರುವಿನ ಪಕ್ಕ ಹಲಗೆ ಬೋಳಾಗಿದೆ. ಆದರೆ ಅಲ್ಲಿ ಸೀಸದಕಡ್ಡಿಯಲ್ಲಿ ಒಂದು ರಸ್ತೆ ಎಳೆದು, ಅದರ ಪಕ್ಕಕ್ಕೆ ಚೌಕಗಳನ್ನು ಬರೆದಿಟ್ಟಿದ್ದಾರೆ. ಒಂದು ಬೀದಿ ಮಾಡುವ ಯೋಚನೆ ಇದ್ದಿರಬೇಕು. ಅದನ್ನು ನಾನೇ ಮಾಡಿಕೊಡೋಣ ಎಂದಿದ್ದೇನೆ. ನನ್ನಲ್ಲಿ ರಟ್ಟಿದೆ, ಬಟ್ಟೆಯ ಚೂರುಗಳಿಗಂತೂ ಬರವಿಲ್ಲ. ಈ ಬೀದಿ ನಿಜವಾಗಿ ಎಲ್ಲಾದರೂ ಇದೆಯೇ? ನೀವಿಬ್ಬರೂ ಕೆಲಸ ಮಾಡಿದ ದಾರಿಯಲ್ಲಿ ಇಂಥದ್ದು ಕಂಡ ನೆನಪುಂಟೇ? ನೆನಪಿದ್ದರೆ ಯಾವ ಮನೆ ಹೇಗಿತ್ತು ಎಂದು ಬರೆಯಿರಿ. ತಮ್ಮ ಬೀದಿ ಕಣ್ಣೆದುರು ಎದ್ದು ನಿಂತರೆ ಒಂದು ನಗೆಯಾದರೂ ಬಂದೀತು ಎಂಬ ಆಸೆ.

ಇತಿ,
ನಿಮ್ಮ ತಂಗಿ

---

ಜುಲೈ 3

ತಂಗಿಗೆ,

ತಡಮಾಡಬೇಡ. ಆ ಮೂರು ಪಟ್ಟಿಗಳನ್ನು ಕಿತ್ತು ಹೊಸವು ಹಾಕು. ದಪ್ಪ ಕಾಗದದಲ್ಲಿ ತಿರುವಿನ ನಮೂನೆ ಕತ್ತರಿಸಿಕೋ, ನೀನು ಅಂಗಿಗೆ ಮಾಡುವ ಹಾಗೆಯೇ. ಅದನ್ನು ಹಲಗೆಯ ಮೇಲಿಟ್ಟು ಹಳಿಯನ್ನು ಅದರ ಅಂಚಿಗೆ ತಂದು ಕೂರಿಸು. ಹೊರಹಳಿಯ ಕೆಳಗೆ ರಟ್ಟಿನ ಪಟ್ಟಿ ಕೊಟ್ಟು ಎತ್ತು. ಎಲ್ಲಿಯೂ ತಗ್ಗು ಉಳಿಯಬಾರದು. ಹಳೆಯ ಪಟ್ಟಿಗಳನ್ನು ಎಸೆದುಬಿಡು.

ಬೀದಿಯ ವಿಷಯ. ಹಳಿ ಇದ್ದಲ್ಲೆಲ್ಲ ಇಂಥ ಬೀದಿ ಇದ್ದೇ ಇರುತ್ತದೆ. ಇಂಥದ್ದೇ ಎಂದು ಹೇಳಲಾರೆ. ನಿನಗೆ ತೋಚಿದ ಮನೆ ಇಡು. ಐದನೆಯ ಚೌಕವನ್ನು ಮಾತ್ರ ಖಾಲಿ ಬಿಡು. ತಿರುವಿಗೆ ಅಷ್ಟು ಹತ್ತಿರ ಏನಾದರೂ ಇಟ್ಟರೆ ಡಬ್ಬಿಗೆ ತಾಗೀತು.

ಮೇಸ್ತ್ರಿ

---

ಜುಲೈ 26

ಮೇಸ್ತ್ರಿ ಅಣ್ಣನವರಿಗೆ,

ಹಳಿ ಸರಿಹೋಯಿತು, ಮನೆ ಕೆಟ್ಟಿತು. ಕ್ರಮವಾಗಿ ಹೇಳುತ್ತೇನೆ.

ಕಂದು ಕಾಗದದಲ್ಲಿ ನಮೂನೆ ಕತ್ತರಿಸಿದೆ. ಕಂಕುಳ ತಿರುವಿನಂತೆಯೇ ಅದೂ ಒಂದೇ ಉಸಿರಿನಲ್ಲಿ ಕತ್ತರಿ ಓಡಿದರೆ ಮಾತ್ರ ಸರಿಬರುತ್ತದೆ. ಪಟ್ಟಿ ಬದಲಿಸಿದೆ. ಕಾಲರಿಗೆ ಹಾಕುವ ಗಟ್ಟಿ ಬಟ್ಟೆಯನ್ನೇ ಕತ್ತರಿಸಿ ಹೊರಹಳಿಯ ಕೆಳಗೆ ಕೊಟ್ಟೆ. ಆಮೇಲೆ ಬೀದಿ. ಮೊದಲ ಚೌಕಕ್ಕೆ ಬೇಕರಿ, ಅದಕ್ಕೆ ಪಟ್ಟೆಪಟ್ಟೆ ಬಟ್ಟೆಯ ಮಾಡು. ಎರಡನೆಯದು ಮಹಡಿ ಮನೆ, ಬಾಲ್ಕನಿಯಲ್ಲಿ ಒಣಹಾಕಿದ ಒಂದು ಲಂಗ, ಒಂದು ಪ್ಯಾಂಟು. ಮೂರನೆಯದು ಔಷಧಿ ಅಂಗಡಿ. ನಾಲ್ಕನೆಯದರಲ್ಲಿ, ನನ್ನ ದುರಾಸೆ ನೋಡಿ, ದರ್ಜಿ ಅಂಗಡಿ. ಐದನ್ನು ನೀವು ಹೇಳಿದಂತೆ ಬಿಟ್ಟೆ. ಆರನೆಯದು ಕಾವಲುಗಾರನ ಗೂಡು. ಉದ್ದ ಗುಂಡುಸೂಜಿಗೆ ಬಿಳಿ ಮಣಿ ಅಂಟಿಸಿ ಬೀದಿದೀಪದ ಕಂಬಗಳನ್ನು ನೆಟ್ಟೆ. ಮೂರು ವಾರ ಗಿರಾಕಿಗಳಿಗೆ ಸುಳ್ಳು ಹೇಳಿದ್ದೇ ಹೇಳಿದ್ದು.

ಮೊನ್ನೆ ಸೋಮವಾರ ರೈಲು ಬಿಟ್ಟೆ. ಹದಿನಾಲ್ಕು ಸುತ್ತು, ಒಮ್ಮೆಯೂ ಬೀಳಲಿಲ್ಲ. ನಾನು ಚಪ್ಪಾಳೆ ಹೊಡೆದೆ. ಇವರು ನಗುತ್ತಾರೆ ಎಂದು ತಿರುಗಿ ನೋಡಿದರೆ ಮುಖ ಬೂದಿಯಾಗಿದೆ. ಎಡಗೈಯಲ್ಲಿ ಕುರ್ಚಿಯ ಕೈ ಬಡಿಯತೊಡಗಿದರು. ಗಂಟಲಿನಿಂದ ಎಂಥದೋ ಶಬ್ದ. ಆಯಾಸವಾಗಿದೆ ಎಂದು ಮಲಗಿಸಿದೆ.

ಮರುದಿನ ನಾನು ಮುಂಬಾಗಿಲಲ್ಲಿ ಗಿರಾಕಿಯ ಅಳತೆ ತೆಗೆಯುತ್ತಿದ್ದಾಗ ದೊಪ್ಪೆಂದು ಸದ್ದಾಯಿತು. ಓಡಿಹೋದೆ. ಕುರ್ಚಿಯಿಂದ ಜಾರಿ, ಹಲಗೆಗೆ ಆತು ನಿಂತು, ಒಂದೇ ಕೈಯಲ್ಲಿ ನನ್ನ ಬಟ್ಟೆಪಟ್ಟಿಗಳನ್ನೆಲ್ಲ ಕಿತ್ತು ಎಸೆದಿದ್ದಾರೆ. ಆಮೇಲೆ ಬಿದ್ದಿದ್ದಾರೆ. ಹುಬ್ಬು ಒಡೆದು ರಕ್ತ. ನನಗೂ ತಡೆಯಲಾಗಲಿಲ್ಲ. "ಏನ್ರೀ ಇದು, ಚಿಕ್ಕ ಮಕ್ಳ ಥರ! ಯಾರಿಗೋಸ್ಕರ ಮಾಡ್ದೆ ನಾನು ಇದನ್ನೆಲ್ಲ?" ಎಂದು ಕೂಗಿಬಿಟ್ಟೆ. ಅವರು ತಿರುವನ್ನು ತೋರಿಸಿದರು, ನನ್ನನ್ನು ತೋರಿಸಿದರು. ಮತ್ತೆ ತಿರುವು, ಮತ್ತೆ ನಾನು.

ತಮ್ಮ ಕೆಲಸದ ಮೇಲೆ ನನ್ನ ಕೈ ಬಿದ್ದದ್ದು ಅವರಿಗೆ ಸೇರಲಿಲ್ಲ. ಅಷ್ಟೇ ಇರಬೇಕು. ಹಠ ನನಗೂ ಇದೆ. ಪಟ್ಟಿಗಳನ್ನು ಮತ್ತೆ ಕೂರಿಸಿದ್ದೇನೆ.

ಇತಿ,
ನಿಮ್ಮ ತಂಗಿ

---

ಆಗಸ್ಟ್ 1

ತಂಗಿಗೆ,

ಇನ್ನು ಸಾಕು. ಆ ಹಲಗೆಯನ್ನು ಎತ್ತಿ ಅಟ್ಟಕ್ಕೆ ಹಾಕು. ಕಾಯಿಲೆಯವರಿಗೆ ಇಂಥ ಉದ್ವೇಗ ಒಳ್ಳೆಯದಲ್ಲ. ರೇಡಿಯೋ ಹಾಕು, ಕಿಟಕಿಯ ಹತ್ತಿರ ಕೂರಿಸು. ನಾಲ್ಕು ದಿನ ಸಿಟ್ಟಾಗುತ್ತಾನೆ, ಆಮೇಲೆ ಮರೆಯುತ್ತಾನೆ.

ನನಗೂ ಆರೋಗ್ಯ ಅಷ್ಟಕ್ಕಷ್ಟೆ. ಪತ್ರ ತಡವಾದರೆ ತಪ್ಪು ತಿಳಿಯಬೇಡ.

ಮೇಸ್ತ್ರಿ

---

ಆಗಸ್ಟ್ 16

ಮೇಸ್ತ್ರಿಯವರಿಗೆ,

ನಿಮ್ಮ ಮಾತಿನಂತೆ ಹಲಗೆ ಎತ್ತಿಸಲು ಪಕ್ಕದ ಮನೆಯ ಬಡಗಿಯನ್ನು ಕರೆದೆ. ಒಂದು ಬದಿ ಎತ್ತಿದೊಡನೆ ಆತ, "ಅಕ್ಕಾ, ಕೆಳಗೆ ಏನೋ ಅಂಟಿಸಿದ್ದಾರೆ ನೋಡಿ" ಎಂದ. ಒಂದು ನೋಟ್‌ಪುಸ್ತಕ. ಬಡಗಿಯನ್ನು ಕಳುಹಿಸಿ ನೆಲದ ಮೇಲೆ ಕೂತು ಓದಿದೆ. ಇವರು ಕುರ್ಚಿಯಲ್ಲಿ ಕೂತು ನಾನು ಓದುವುದನ್ನೇ ನೋಡಿದರು.

ಮೊದಲ ಪುಟದಲ್ಲಿ ಎರಡೇ ಸಾಲು: "ಇವಳು ನಂಬಿಲ್ಲ. ಇವಳಿಗೆ ಕಣ್ಣಾರೆ ತೋರಿಸಬೇಕು."

ಆಮೇಲೆ ಬೀದಿಯ ಪಟ್ಟಿ. ಐದನೆಯದು: "ಸೈಕಲ್ ಅಂಗಡಿ. ಆಕೆ ಬಾಗಿಲಲ್ಲಿ ಕೂತು ಟ್ಯೂಬಿಗೆ ತೇಪೆ ಹಾಕುತ್ತಿದ್ದಳು." ಆ ದಿನ ಡಬ್ಬಿಯ ಕೆಳಗೆ ಸಿಕ್ಕಿ ಸತ್ತ ಹೆಂಗಸು ಸೈಕಲ್ ಅಂಗಡಿಯವನ ಹೆಂಡತಿ ಎಂದು ನನಗೂ ಗೊತ್ತಿತ್ತು. ಆ ತಿರುವನ್ನು ಮಾತ್ರ ನಾನು ಕಂಡಿರಲಿಲ್ಲ. ಎಂಟು ವರ್ಷ ಅದು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಇತ್ತು. ಅಲ್ಲಿ ಎಷ್ಟು ಚೌಕಗಳಿವೆ ಎಂದು ನಿಮಗೆ ನಾನು ಬರೆದಿರಲಿಲ್ಲ. ಐದನೆಯದನ್ನು ಖಾಲಿ ಬಿಡು ಎಂದು ನೀವು ಹೇಗೆ ಬರೆದಿರಿ?

ಇಡೀ ಪುಸ್ತಕ ಪರೀಕ್ಷೆಗಳು. ಹೊರಹಳಿಯನ್ನು ಎಷ್ಟು ಇಳಿಸಿದರೆ, ಎಷ್ಟು ವೇಗಕ್ಕೆ ಡಬ್ಬಿ ಬೀಳುತ್ತದೆ ಎಂಬ ಲೆಕ್ಕ. ರೈಲು ಬಿಡುವ ವೇಗದ ಗುಂಡಿಯ ಸುತ್ತ ಮೂವತ್ತು, ನಲವತ್ತೈದು, ಅರವತ್ತು ಎಂದು ಕೆಂಪು ಶಾಯಿಯಲ್ಲಿ ಬರೆದದ್ದು ಯಾಕೆಂದು ಈಗ ತಿಳಿಯಿತು. ಒಂದು ಕಡೆ ಬರೆದಿದ್ದಾರೆ: "ಎರಡು ಪೋಸ್ಟ್‌ಕಾರ್ಡಿನಷ್ಟು ಇಳಿಸಿದೆ. ಮೂವತ್ತರಲ್ಲಿ ಬೀಳಲಿಲ್ಲ. ಅರವತ್ತರಲ್ಲಿ ಬಿತ್ತು. ಹಾಗಾದರೆ ನಾನೇ ಜೋರಾಗಿ ಓಡಿಸಿದೆನೆ?" ಆ ಸಾಲಿನ ಕೆಳಗೆ ನಾಲ್ಕು ತಿಂಗಳು ಏನೂ ಇಲ್ಲ. ಆಮೇಲೆ: "ಕೋಟಿನ ಗುಂಡಿಯಷ್ಟು ಇಳಿಸಿದರೆ ಮೂವತ್ತರಲ್ಲೂ ಬೀಳುತ್ತದೆ. ಅಷ್ಟು ಕುಸಿದಿದ್ದರೆ ಎಂಜಿನ್ನಿನಿಂದಲೇ ಕಾಣುತ್ತಿತ್ತು. ಇದು ಮೋಸ. ನಿಜವಾದ ಅಳತೆ ಮೇಸ್ತ್ರಿಗೆ ಮಾತ್ರ ಗೊತ್ತು. ಅವನನ್ನು ಕೇಳಲಾರೆ."

ನಿಮ್ಮನ್ನು ಬೈಯುವ ಬಾಯಿ ನನಗಿಲ್ಲ. ಯಾಕೆಂದರೆ ಆ ಬೆಳಿಗ್ಗೆ ಮಗಳಿಗೆ ಜ್ವರ ಏರಿ, ಬೇಗ ಬನ್ನಿ ಎಂದು ಸ್ಟೇಷನ್ನಿಗೆ ಫೋನ್ ಮಾಡಿಸಿದವಳು ನಾನು. ಸುದ್ದಿ ತಲುಪಿದ್ದಕ್ಕೇ ಗಾಡಿ ಜೋರಾಗಿ ಓಡಿಸಿಕೊಂಡು ಬಂದರು, ಆ ಹೆಂಗಸಿನ ಜೀವ ನನ್ನಿಂದಲೇ ಹೋಯಿತು ಎಂದು ಹತ್ತೊಂಬತ್ತು ವರ್ಷ ನಂಬಿಕೊಂಡು ಬಂದೆ. ಆ ತಿರುವಿನಲ್ಲಿ ಗಂಟೆಗೆ ಮೂವತ್ತು ದಾಟಬಾರದಿತ್ತು. ಎಂಜಿನ್ನಿನ ವೇಗದ ಮುಳ್ಳು ಕೆಟ್ಟಿತ್ತು. ಇವರ ಮಾತು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. "ಮೂವತ್ತರಲ್ಲೇ ಇದ್ದೆ ಕಣೇ" ಎಂದು ಇವರು ಒಂದು ಸಲ ಹೇಳಿದರು. "ಹೋಗ್ಲಿ ಬಿಡಿ, ಎಲ್ಲಾ ನನ್ನಿಂದ ಆಗಿದ್ದು" ಎಂದೆ. ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಆಮೇಲೆ ಅವರು ಆ ಮಾತೆತ್ತಲೇ ಇಲ್ಲ.

ನಿಮ್ಮಿಂದ ನನಗೆ ಬೇಕಾದದ್ದು ಒಂದೇ. ಆ ದಿನ ಬೆಳಿಗ್ಗೆ ಆ ಹಳಿ ಎಷ್ಟು ಇಳಿದಿತ್ತು? ಅಳತೆ ಬರೆದು ಕಳುಹಿಸಿ.

---

ಸೆಪ್ಟೆಂಬರ್ 22

ಮೇಸ್ತ್ರಿಯವರಿಗೆ,

ಉತ್ತರ ಬರಲಿಲ್ಲ. ಅಂಚೆಯವನನ್ನು ವಿಚಾರಿಸಿದೆ. ನಿಮ್ಮ ಕಡೆಗೆ ಅಂಚೆ ನಿಂತಿಲ್ಲವಂತೆ. ಹಲಗೆ ಇದ್ದಲ್ಲೇ ಇದೆ. ಇವರು ದಿನವೂ ಬಾಗಿಲು ನೋಡುತ್ತಾರೆ.

---

ಅಕ್ಟೋಬರ್ 19

ತಂಗಿಗೆ,

ಒಂದೂ ಮುಕ್ಕಾಲು ಇಂಚು. ಮೂರು ಅಡ್ಡಪಟ್ಟಿಗಳ ಉದ್ದಕ್ಕೆ. ನಿನ್ನ ಮಾದರಿಗೆ ಅದು ಎರಡು ಪೋಸ್ಟ್‌ಕಾರ್ಡಿನ ದಪ್ಪ. ಡ್ರೈವರ್ ಹಿಡಿದ ಅಳತೆ ಸರಿಯಾಗಿಯೇ ಇತ್ತು. ಅವನಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಅದೇ ಜಾಗದಲ್ಲಿ ಎರಡು ಹಳಿ ಕೂಡುವ ಜೋಡಣೆಗೆ ಬೋಲ್ಟು ಇರಲಿಲ್ಲ. ಭಾರ ಬಿದ್ದಾಗ ಹಳಿ ಹೊರಕ್ಕೆ ಸರಿಯುತ್ತಿತ್ತು. ಬರೀ ಕುಸಿತವಾಗಿದ್ದರೆ ಮೂವತ್ತರಲ್ಲಿ ಗಾಡಿ ದಾಟಿಬಿಡುತ್ತಿತ್ತು. ಎರಡೂ ಸೇರಿದ್ದರಿಂದ ದಾಟಲಿಲ್ಲ. ಆ ಜೋಡಣೆಯ ಮೊಳೆಯನ್ನು ಕಿತ್ತು, ಹಳಿ ಆಡುವಂತೆ ಬಿಟ್ಟು ಓಡಿಸಿ ನೋಡು.

ಇದನ್ನು ಬರೆಯಲು ಎರಡು ತಿಂಗಳು ಹಿಡಿಯಿತು. ಉಳಿದದ್ದನ್ನೂ ಬರೆಯುತ್ತೇನೆ.

ಆ ವಾರದ ಸೋಮವಾರವೇ ನಾನು ಆ ಪಟ್ಟಿಗಳನ್ನು ನೋಡಿದ್ದೆ. ಒಳಗೆ ಪೂರ್ತಿ ಕೊಳೆತಿದ್ದವು. ಗಾಡಿಗಳು ಮನುಷ್ಯ ನಡೆಯುವ ವೇಗಕ್ಕೆ ಇಳಿಯಲಿ ಎಂದು ಎಚ್ಚರಿಕೆಯ ಫಲಕ ನೆಟ್ಟೆ. ಎಲ್ಲಾ ಗಾಡಿಗಳೂ ತಡವಾದವು. ಬುಧವಾರ ಮೇಲಿನವರು ಬಂದು ಗ್ಯಾಂಗಿನವರೆಲ್ಲರ ಎದುರಿಗೇ ನನ್ನನ್ನು ತರಾಟೆಗೆ ತೆಗೆದುಕೊಂಡರು. "ಹೊಸ ಪಟ್ಟಿ ಶನಿವಾರ ಬರತ್ತೆ. ಅಲ್ಲೀವರೆಗೂ ದಾರಿ ಕಟ್ಕೊಂಡು ಕೂತಿರ್ತೀಯೇನಯ್ಯಾ?" ಎಂದರು. ತೆಗೆ ಎಂದು ಅವರು ಹೇಳಲಿಲ್ಲ. ನಾನೇ ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಹೋಗಿ ಫಲಕ ಕಿತ್ತೆ. ಎರಡು ದಿನದಲ್ಲಿ ಏನಾದೀತು ಎಂದುಕೊಂಡೆ. ಒಂಬತ್ತೂವರೆಗೆ ನಿನ್ನ ಗಂಡನ ಗಾಡಿ ಬಂತು.

ವಿಚಾರಣೆಯಲ್ಲಿ ತಿರುವು ಚೆನ್ನಾಗಿತ್ತು ಎಂದೆ. ಹಳಿ ತಪಾಸಣೆಯ ಪುಸ್ತಕದಲ್ಲೂ ಹಾಗೇ ಬರೆದೆ. ಯಾರೂ ಹೇಳಿಕೊಟ್ಟದ್ದಲ್ಲ, ಹೆದರಿಸಿದ್ದಲ್ಲ. ಎದುರು ಬೆಂಚಿನಲ್ಲಿ ಕೂತಿದ್ದ ಡ್ರೈವರ್ ನನ್ನನ್ನೇ ನೋಡುತ್ತಿದ್ದ. ನಾನು ಮೇಜಿನ ಮೇಲಿದ್ದ ಶಾಯಿ ಬಾಟಲಿಯನ್ನು ನೋಡಿಕೊಂಡು ಹೇಳಿ ಮುಗಿಸಿದೆ. ಆಮೇಲೆ ನಿಮ್ಮ ಮನೆಯ ಹೊಸ್ತಿಲು ತುಳಿಯುವ ಮುಖ ನನಗೆಲ್ಲಿತ್ತು?

ನಿನ್ನ ಎರಡನೆಯ ಕಾಗದದಲ್ಲಿ ಕತ್ತರಿಸಿದ ಪಟ್ಟಿಗಳ ಮಾತು ಬಂದಾಗಲೇ ಅವನು ಏನು ಕಟ್ಟಿದ್ದಾನೆ ಎಂದು ತಿಳಿದುಹೋಯಿತು. ಆದರೂ ಹಳಿ ಎತ್ತು, ಪಟ್ಟಿ ಎಸೆ ಎಂದೆ. ಆ ದಿನ ಮಾಡಿದ್ದನ್ನೇ ನಿನ್ನ ಕೈಯಿಂದ ಇನ್ನೊಮ್ಮೆ ಮಾಡಿಸಿದೆ.

ಕಳೆದ ವಾರ ರೈಲ್ವೆ ಕಚೇರಿಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟೆ. ಗುಮಾಸ್ತ ಹುಡುಗಿ ಓದಿ, "ಈಗ ಯಾಕೆ ತಾತ?" ಎಂದಳು. ಕಡತ ಇದೆಯೋ ಇಲ್ಲವೋ ಹುಡುಕುತ್ತಾರಂತೆ. ಮೊಹರು ಹಾಕಿದ ಪ್ರತಿ ಇದರೊಳಗಿದೆ. ಅದು ನಿಮ್ಮದು.

ಅಲ್ಲಿಂದ ಸೈಕಲ್ ಅಂಗಡಿಗೆ ಹೋದೆ. ಆತ ಈಗ ರಸ್ತೆಯ ಆಚೆ ಬದಿಯಲ್ಲಿ ಅಂಗಡಿ ಇಟ್ಟಿದ್ದಾನೆ. ಇಷ್ಟು ವರ್ಷವೂ ನಾನು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದೆ. ಚಕ್ರದಲ್ಲಿ ಗಾಳಿ ಇದ್ದರೂ ಹೊಡೆಸಿಕೊಂಡು, ಎರಡು ಮಾತಾಡಿ ಬರುತ್ತಿದ್ದೆ. ಹೇಳಿದೆ. ಆತ ಪಂಪಿನ ಹಿಡಿ ಬಿಡಲಿಲ್ಲ. "ಪ್ರತಿ ಸಲ ಬಂದಾಗ್ಲೂ ನಿಂಗಿದು ಗೊತ್ತಿತ್ತು" ಎಂದ. ಹೌದೆಂದೆ. "ಆ ಡ್ರೈವರ್ನ ನಾನು ದಿನಾ ಬೆಳಗಾದ್ರೆ ಶಪಿಸ್ತಿದ್ದೆನಲ್ಲೋ. ನಿನ್ನ ಮುಂದೇನೇ ಶಪಿಸಿದೀನಿ. ನೀನು ತಲೆ ಆಡಿಸ್ಕೊಂಡು ಕೇಳಿದೀಯ." ನನ್ನ ಸೈಕಲ್ಲನ್ನು ಎತ್ತಿ ರಸ್ತೆಗಿಟ್ಟು ಒಳಗೆ ಹೋದ. ಡ್ರೈವರ್ ಎಲ್ಲಿದ್ದಾನೆ ಎಂದು ಒಳಗಿನಿಂದಲೇ ಕೇಳಿದ. ನಿಮ್ಮ ವಿಳಾಸ ಕೊಟ್ಟು ಬಂದಿದ್ದೇನೆ.

ನಾನೂ ಒಮ್ಮೆ ಬಂದು ಅವನ ಎದುರು ನಿಲ್ಲಲೇ? ಅವನನ್ನು ಕೇಳಿ ಬರೆ.

ಮೇಸ್ತ್ರಿ

---

ನವೆಂಬರ್ 8

ಮೇಸ್ತ್ರಿಯವರಿಗೆ,

ನಿಮ್ಮ ಪತ್ರವನ್ನು ಇವರಿಗೆ ಓದಿ ಹೇಳಿದೆ. ಫಲಕದ ಸಾಲು ಬಂದಾಗ ನನ್ನ ಮಣಿಕಟ್ಟು ಹಿಡಿದರು. ಆ ಸಾಲನ್ನು ಮೂರು ಸಲ ಓದಿಸಿದರು.

ಆಮೇಲೆ ಪಟ್ಟಿಗಳನ್ನು ತೆಗೆದೆ. ನಾನು ಎತ್ತಿದ್ದನ್ನೆಲ್ಲ ಇಳಿಸಿದೆ, ನೀವು ಬರೆದ ಅಳತೆಗೆ ಸರಿಯಾಗಿ. ಜೋಡಣೆಯ ಮೊಳೆ ಕಿತ್ತೆ. ಇವರು ಎಡಗೈ ಚಾಚಿ ಬೆರಳಿನಿಂದ ಹಳಿಯನ್ನು ಅಲುಗಿಸಿ ನೋಡಿದರು. ಗುಂಡಿಯನ್ನು ಮೂವತ್ತಕ್ಕೆ ತಂದು ರೈಲು ಬಿಟ್ಟೆ. ಮೊದಲ ಸುತ್ತು ದಾಟಿತು. ಎರಡನೆಯದೂ ದಾಟಿತು. ಮೂರನೆಯ ಸುತ್ತಿನಲ್ಲಿ ಹಳಿ ಹೊರಕ್ಕೆ ಜರುಗಿ, ಮೂರನೆಯ ಡಬ್ಬಿ ವಾಲಿ, ಐದನೆಯ ಚೌಕದ ಮೇಲೆ ಬಿತ್ತು.

"ನೀವು ಮೂವತ್ತರಲ್ಲೇ ಇದ್ರಿ. ನಾನು ನಂಬ್ಲಿಲ್ಲ, ತಪ್ಪಾಯ್ತು ರೀ" ಎಂದೆ. ಕಾಲು ಹಿಡಿದುಕೊಂಡೆ. ತಲೆಯ ಮೇಲೆ ಕೈ ಇಡುತ್ತಾರೆ ಎಂದು ಕಾದೆ. ಇಡಲಿಲ್ಲ. ಗುಂಡಿಯ ಕಡೆ ಬೆರಳು ತೋರಿಸಿದರು. ಇನ್ನೊಮ್ಮೆ.

ಸೈಕಲ್ ಅಂಗಡಿಯವರು ಹೋದ ಭಾನುವಾರ ಬಂದಿದ್ದರು. ಬಾಗಿಲಲ್ಲೇ ನಿಂತು, "ಡ್ರೈವರ್ ಮನೆ ಇದೇನಾ ತಾಯಿ?" ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಹಲಗೆಯನ್ನೇ ನೋಡುತ್ತ ಕೂತರು. ಅಂಗಡಿಯವರು ಐದನೆಯ ಚೌಕದ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದರು, "ಇಲ್ಲಿ ಯಾಕೆ ಏನೂ ಇಟ್ಟಿಲ್ಲ?" ಆಮೇಲೆ ತಾವೇ, "ಇಡಿ. ತಗಡಿನ ಬಾಗಿಲು, ನೀಲಿ ಬಣ್ಣ. ರಸ್ತೆ ಕಡೆಗಲ್ಲ, ಹಳಿ ಕಡೆಗೆ ಮುಖ. ಗಾಡಿ ನೋಡ್ಕೊಂಡು ಕೆಲಸ ಮಾಡೋದು ಅವಳಿಗೆ ಇಷ್ಟ" ಎಂದರು. ಅವರೆದುರಿಗೇ ರಟ್ಟು ಕತ್ತರಿಸಿ ಅಂಗಡಿ ಮಾಡಿದೆ. ಅವರೇ ಅಂಟು ಹಚ್ಚಿ ನಿಲ್ಲಿಸಿದರು. ಹೊರಡುವಾಗ ಇವರ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಕುರ್ಚಿಯ ಕೈ ಮೇಲಿಟ್ಟು ಹೋದರು.

ನೀವು ಕೇಳಿದ್ದನ್ನು ಇವರಿಗೆ ಕೇಳಿದೆ. "ಮೇಸ್ತ್ರಿ ಬರ್ಲಾ ಅಂತಾರೆ, ಏನು ಬರೀಲಿ?" ಎಂದೆ. ಗೋಡೆಯ ಕಡೆ ಮುಖ ತಿರುಗಿಸಿದರು. ಸಂಜೆ ಮತ್ತೆ ಕೇಳಿದೆ, ಮರುದಿನ ಮತ್ತೆ ಕೇಳಿದೆ. ಮೂರು ಸಲವೂ ಹಾಗೆಯೇ. ಆದ್ದರಿಂದ ಬರಬೇಡಿ. ಮನಸ್ಸು ಬದಲಾದರೆ ಬರೆಯುತ್ತೇನೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ.

ನನಗೆ ಅವರ ಕ್ಷಮೆ ಸಿಕ್ಕಿದೆ ಎಂದು ಎಣಿಸಬೇಡಿ. ದಿನವೂ ಬೆಳಿಗ್ಗೆ ಚಹಾ ಆದೊಡನೆ ಕುರ್ಚಿಯ ಕೈ ಬಡಿಯುತ್ತಾರೆ. ಅಂಗಡಿಯನ್ನು ಮೆಲ್ಲಗೆ ಬದಿಗೆತ್ತಿಟ್ಟು, ಮೂವತ್ತಕ್ಕೆ ಗುಂಡಿ ತಿರುಗಿಸುತ್ತೇನೆ. ಡಬ್ಬಿ ಬೀಳುತ್ತದೆ. ಇವರು ಡಬ್ಬಿಯನ್ನು ನೋಡುವುದಿಲ್ಲ, ನಾನು ನೋಡಿದೆನೋ ಇಲ್ಲವೋ ಎಂದು ನನ್ನ ಮುಖವನ್ನು ನೋಡುತ್ತಾರೆ. "ನೋಡ್ದೆ ರೀ" ಎನ್ನುತ್ತೇನೆ. ಇನ್ನೊಮ್ಮೆ ಎಂದು ಬೆರಳೆತ್ತುತ್ತಾರೆ. ಅವರಿಗೆ ಸಾಕೆನಿಸುವವರೆಗೂ ಓಡಿಸುತ್ತೇನೆ.